ನಡುವಿನ ಜಾಗ

ಗೆರೆ ಬಾಗಲಿಲ್ಲ. ಯಂತ್ರದೊಳಗಿನ ಹರಳುಗಳು ತಣ್ಣಗಾಗುತ್ತ ಹೋದಂತೆ ಪರದೆಯ ಮೇಲೆ ಅದು ಚಳಿಯ ಕಡೆಗೆ ಸಾಗುತ್ತ ಏರಿತು, ಇನ್ನೂ ಏರಿತು, ಏರುತ್ತಲೇ ಹೋಯಿತು. ಚುಕ್ಕಿ ಕುರ್ಚಿಯ ಅಂಚಿಗೆ ಸರಿದು ಕೂತಳು. ಕಳೆದ ಬಾರಿ ಇದೇ ಯಂತ್ರ, ಇದೇ ತಾಮ್ರದ ಹರಳುಗಳು. ಆಗ ಗೆರೆ ಅರ್ಧ ದಾರಿ ಏರಿ, ಬೆನ್ನು ಬಗ್ಗಿಸಿ, ಮೆಲ್ಲಗೆ ಇಳಿದುಹೋಗಿತ್ತು. ಆ ಪುಟ್ಟ ಗೂನನ್ನು ನಂಬಿಕೊಂಡೇ ಅವಳು ತನ್ನ ಸಂಶೋಧನಾ ಪ್ರಬಂಧದ ಅರ್ಧವನ್ನು ಬರೆದು ಮುಗಿಸಿದ್ದಳು.

“ಏನಮ್ಮಾ, ನಿನ್ನ ತಾಮ್ರಗಳು ಟೂ ಬಿಟ್ಟುಕೊಂಡಿವೆಯಲ್ಲ!” ಕಾಂತತೆ ಅಳೆಯುವ ಆ ಯಂತ್ರವನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಸ್ವೆಟರಿನ ತೋಳು ಎಳೆದುಕೊಳ್ಳುತ್ತ ಬಗ್ಗಿ ನೋಡಿದರು. “ಹೋದ ಸಲ ಜೋಡಿ ಜೋಡಿಯಾಗಿ ಮಾತಾಡ್ತಿದ್ವು. ಈಗ ಒಂದಕ್ಕೊಂದು ಗುರುತೇ ಇಲ್ಲದ ಹಾಗಿವೆ. ಏನು ಮಾಡ್ದೆ?”

“ಏನೂ ಮಾಡಿಲ್ಲ ಸರ್. ಹೋದ ಸಲ ಹರಳು ಬೆಳೆದ ಮೆಥನಾಲ್ ದ್ರವದಲ್ಲೇ ಮುಳುಗಿಸಿ ಅಂಚೇಲಿ ಕಳಿಸಿದ್ದೆ. ಈ ಸಲ ನಾನೇ ತರ್ತೀನಲ್ಲ ಅಂತ ಗಾಳಿ ಎಳೆಯೋ ಪಂಪಿಗೆ ಹಾಕಿ, ಒಂದು ಹನಿ ಇಲ್ಲದ ಹಾಗೆ ಒಣಗಿಸಿ…”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ಅತಿ ಅಚ್ಚುಕಟ್ಟು ಅಂದ್ರೆ ಇದೇ ನೋಡು! ಎರಡು ತಾಮ್ರದ ನಡುವೆ ಕೂತು ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ಮುಟ್ಟಿಸ್ತಿದ್ದಿದ್ದೇ ಆ ಮೆಥನಾಲಿನ ಅಣು ಕಣೇ ತಾಯಿ. ತೊಳೆದ ಪಾತ್ರೆಗೆ ಅಂಟಿದ ನೀರು ಅಂದ್ಕೊಂಡು ಅದನ್ನ ಒರೆಸಿಬಿಟ್ಟಿದೀಯ.”

ಚುಕ್ಕಿ ಉಳಿದ ಹರಳುಗಳಿದ್ದ ಗಾಜಿನ ಬಟ್ಟಲನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದಳು. ಕಡುನೀಲಿಯಾಗಿದ್ದ ಅವು ಎಷ್ಟೋ ಸಲ ಒಗೆದ ಬಟ್ಟೆಯಂತೆ ಬಿಳಚಿಕೊಂಡಿದ್ದವು. ಬಟ್ಟಲನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು ಕೂತಳು. ಯಂತ್ರ ಒಂದೇ ರಾಗದಲ್ಲಿ ಗುಂಯ್‌ಗುಡುತ್ತಿತ್ತು. ಕಣ್ಣೆವೆ ಭಾರವಾಗಿ, ಅವಳಿಗೆ ಮನೆಯ ಊಟದ ಮೇಜು ಕಾಣಿಸಿತು: ಆ ತುದಿಗೆ ಅಪ್ಪ, ಈ ತುದಿಗೆ ಅಮ್ಮ, ನಡುವೆ ತನ್ನ ಕುರ್ಚಿ. “ಚುಕ್ಕೀ, ನನ್ನ ಕನ್ನಡಕ ಎಲ್ಲಿಟ್ಟಿದಾಳೆ ಕೇಳು.” “ಚುಕ್ಕೀ, ಹಣೆ ಮೇಲೇ ಇದೆ ಅಂತ ಹೇಳು.” ಒಂಬತ್ತು ವರ್ಷದಿಂದ ಹೀಗೇ. ಯಾತಕ್ಕೆ ಮಾತು ಬಿಟ್ಟರೆಂದು ಈಗ ಅವರಿಗೂ ನೆನಪಿಲ್ಲ. ಮೊದಲ ಬಾರಿಗೆ ಮೂರು ದಿನ ಅವರಿಬ್ಬರನ್ನೇ ಬಿಟ್ಟು ಬಂದಿದ್ದಳು. ಮೂರು ದಿನಕ್ಕೇ ಇಷ್ಟು ಚಿಂತೆ. ಬ್ಯಾಗಿನ ಒಳಜೇಬಿನಲ್ಲಿದ್ದ ಪತ್ರವಂತೂ ಎರಡು ವರ್ಷಕ್ಕೆ ಕರೆಯುತ್ತಿತ್ತು. ದೂರದ ಪ್ರಯೋಗಾಲಯ, ಅವಳು ಆಸೆಪಟ್ಟ ಕೆಲಸ. ಸೋಮವಾರದೊಳಗೆ ಹೂಂ ಅಥವಾ ಉಹೂಂ ಬರೆಯಬೇಕು. ಮಂಪರಿನಲ್ಲಿ ಮೇಜು ನಿಧಾನವಾಗಿ ಉದ್ದವಾಗುತ್ತ ಹೋಯಿತು. ಎರಡೂ ತುದಿಗಳಲ್ಲಿ ಕೂತವರು ನೀಲಿಯಾಗಿದ್ದರು, ಆಮೇಲೆ ತಿಳಿನೀಲಿ, ಆಮೇಲೆ ಬೂದಿ. ಬೆಚ್ಚಿ ಕಣ್ಣು ಬಿಟ್ಟಳು. ‘ಉಹೂಂ’ ಎಂದು ಮನಸ್ಸಿನಲ್ಲೇ ಬರೆದಳು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವಳನ್ನು ಕೂಗಿ ಕರೆದದ್ದು ಮೇಷ್ಟ್ರೇ. ಕಿಟಕಿಯ ಬಟ್ಟಲಿಗೆ ಮುಚ್ಚಳ ಹಾಕುವುದನ್ನು ಅವಳು ಮರೆತಿದ್ದಳು. ರಾತ್ರಿಯಿಡೀ ಒದ್ದೆ ಗಾಳಿ ಬೀಸಿತ್ತು. ಹರಳುಗಳಿಗೆ ಬಣ್ಣ ಮರಳಿತ್ತು. ಹಳೆಯ ನೀಲಿಯಲ್ಲ, ಹಸಿರು ಬೆರೆತ ಇನ್ನೊಂದು ನೀಲಿ. ಇಬ್ಬರೂ ಅವನ್ನು ಯಂತ್ರಕ್ಕಿಳಿಸಿ ಕಾದರು. ಗೆರೆ ಏರಿತು, ಬಹಳ ಹೊತ್ತು ಏರಿತು. ಕೊನೆಗೆ ಕೊರೆಯುವ ಚಳಿಯ ಅಂಚಿನಲ್ಲಿ, ಬೇಕೋ ಬೇಡವೋ ಎಂಬಂತೆ, ಬೆನ್ನು ಬಗ್ಗಿಸಿತು.

“ಖಾಲಿ ಜಾಗ ಕಂಡು ಗಾಳಿಯಲ್ಲಿದ್ದ ನೀರು ಬಂದು ಕೂತ್ಕೊಂಡಿದೆ,” ಎಂದರು ಮೇಷ್ಟ್ರು. “ನಿನ್ನ ಮೆಥನಾಲ್‌ನಷ್ಟು ಚುರುಕಿಲ್ಲ. ಪಿಸುಮಾತು ಅಷ್ಟೇ.”

“ಅಷ್ಟು ಸಾಕಾ ಸರ್?”

“ನನ್ನನ್ಯಾಕೆ ಕೇಳ್ತೀಯ? ತಾಮ್ರನ ಕೇಳು. ನಿನ್ನ ಪ್ರಬಂಧಕ್ಕಂತೂ ಒಂದು ಅಧ್ಯಾಯ ಜಾಸ್ತಿ ಆಯ್ತು, ಹೋಗು.”

ಭಾನುವಾರ ಮಧ್ಯಾಹ್ನ, ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಅವಳು ಮನೆಯ ಮೆಟ್ಟಿಲೇರಿದಳು. ಬಾಗಿಲು ಬೆರಳಗಲ ತೆರೆದಿತ್ತು. ಬೆಲ್ ಒತ್ತಲು ಎತ್ತಿದ ಕೈ ಅಲ್ಲೇ ನಿಂತಿತು. ಒಳಗೆ ತಟ್ಟೆಯ ಸದ್ದು, ಅದರ ಹಿಂದೆ ಅಪ್ಪನ ದನಿ.

“ಉಪ್ಪು ಸರಿಯಾಗಿದೆ ಅಂತ ಅವಳಿಗೆ ಹೇಳು.”

“ಅಬ್ಬಾ, ನಾಲಿಗೆ ಇದೆ ಅಂತಾಯ್ತು ಅನ್ನು,” ಅಮ್ಮನ ದನಿ.

“ಮಗಳು ಬ್ಯಾಗಿನಲ್ಲಿ ಬಚ್ಚಿಟ್ಟಿರೋ ಪತ್ರ ನಾನೂ ಓದಿದೀನಿ ಅಂತ ಹೇಳು.”

ಅಮ್ಮ ಚಮಚ ಕೆಳಗಿಟ್ಟ ಸದ್ದು. “ನಾನು ಅದಕ್ಕೂ ಮುಂಚೆ ಓದಿದ್ದು ಅನ್ನು.”

“ಹೋಗ್ಲಿ ಅಂತ ಹೇಳು. ಎರಡು ವರ್ಷ ತಾನೇ.”

“ನಾನೇನು ಬೇಡ ಅಂದ್ನಾ? ಕೇಳು.”

ಚುಕ್ಕಿ ಬಾಗಿಲ ಸಂದಿಗೆ ಕಣ್ಣಿಟ್ಟಳು. ಮೇಜಿನ ಆ ತುದಿಗೆ ಅಪ್ಪ, ಈ ತುದಿಗೆ ಅಮ್ಮ. ನಡುವೆ, ಅವಳ ಕುರ್ಚಿಯಲ್ಲಿ, ಹಿಂದೆಂದೂ ಆ ಮನೆಯಲ್ಲಿ ಕಾಣದ ಬೀದಿಯ ಬೆಕ್ಕೊಂದು ಬಾಲ ಸುತ್ತಿಕೊಂಡು ಕೂತಿತ್ತು. ಅದು ಅಮ್ಮನ ಮಾತು ಮುಗಿಯುವ ತನಕ ಕೇಳಿಸಿಕೊಂಡು, ನಿಧಾನವಾಗಿ ಅಪ್ಪನ ಕಡೆಗೆ ಕತ್ತು ತಿರುಗಿಸಿತು.