ಮೂವತ್ತೊಂದನೆಯ ಬಿಲ್ಲೆ

ಇಕ್ಕಳ ಕಚ್ಚಿತು. ಹಳದಿ ಬಿಲ್ಲೆ ಜಿಂಕೆಯ ಕಿವಿಯಲ್ಲಿ ಕೂತಿತು. ಹಳೆಯ ತೂತಿಗೇ ಹೊಸ ಸಂಖ್ಯೆ: ಮೂವತ್ತೊಂದು. ಒಂದು ಹನಿ ರಕ್ತವಿಲ್ಲ. ಜಿಂಕೆ ಕಾಲನ್ನೂ ಝಾಡಿಸಲಿಲ್ಲ.

“ನಿನ್ನ ಹಳೇ ಯಜಮಾನನ ಹಾಗೇ ಪೆದ್ದು ನೀನೂ,” ಎಂದು ಆರ್ವಿಲ್ ಟ್ವೇಟ್ ನಕ್ಕ.

ನಿಜವಾದ ಮೂವತ್ತೊಂದು, ಗಾಳಿಗೆ ಮುರಿದ ಕೊಂಬೆ ಬೇಲಿಯನ್ನು ಕೆಡವಿದ ದಿನವೇ ಕಾಡು ಸೇರಿತ್ತು. ಜಿಂಕೆ ತಪ್ಪಿಸಿಕೊಂಡರೆ ಕೂಡಲೇ ತಿಳಿಸಬೇಕೆಂಬುದು ವಿಸ್ಕಾನ್ಸಿನ್ನಿನ ಜಿಂಕೆ ಸಾಕಣೆಗಾರರೆಲ್ಲರಿಗೂ ಗೊತ್ತು. ಆರ್ವಿಲ್ ತಿಳಿಸಲಿಲ್ಲ. ಬೇಲಿ ಬೀಳುವುದು, ಜಿಂಕೆ ಕಳೆಯುವುದು, ಇವೆಲ್ಲ ಪಕ್ಕದ ಡೆಲ್ ಕುಖ್ತಾನಂಥವರಿಗೆ ಒದಗುವ ಅವಮಾನಗಳು. ಬದಲಿಗೆ, ಬಿಲ್ಲೆ ಕಳಚಿ ಬಿತ್ತೆಂದು ಸುಳ್ಳು ಹೇಳಿ ಅದೇ ಸಂಖ್ಯೆಯ ಇನ್ನೊಂದನ್ನು ತರಿಸಿಕೊಂಡ. ಇಂದಿನ ಸರ್ಕಾರಿ ಎಣಿಕೆಯೂ ತಾಳೆಯಾದರೆ ಅವನ ಹಿಂಡಿಗೆ ರೋಗವಿಲ್ಲವೆಂಬ ಅರ್ಹತಾ ಪತ್ರ. ಅದಿದ್ದರಷ್ಟೇ ಜಿಂಕೆಗಳನ್ನು ರಾಜ್ಯದ ಗಡಿಯಾಚೆ ಮಾರಬಹುದು. ಒಂದು ಕಡಿಮೆ ಬಿದ್ದರೆ ಐದು ವರ್ಷದ ಶ್ರಮ ಮಣ್ಣು.

ಆದ್ದರಿಂದಲೇ ನಿನ್ನೆ ಮೂಗು ಮುರಿಯುತ್ತ ಡೆಲ್‌ನ ಅಂಗಳಕ್ಕೆ ಹೋಗಿದ್ದ.

“ಒಂದು ಹೆಣ್ಣು ಜಿಂಕೆ ಬೇಕಿತ್ತು ಡೆಲ್, ಎರಡು ದಿನಕ್ಕೆ. ನಿನ್ನಲ್ಲಿ ಲೆಕ್ಕ ಇಡೋರು ಯಾರಿದ್ದಾರೆ ಬಿಡು.”

ಡೆಲ್ ಸಿಟ್ಟಾಗಲಿಲ್ಲ. ತಾನೇ ಆರಿಸಿದ. ತಾನೇ ಅದರ ಕಿವಿಯ ಬಿಲ್ಲೆ ಕತ್ತರಿಸಿ ಟ್ರೇಲರ್ ಹತ್ತಿಸಿದ.

“ತಗೊಂಡು ಹೋಗು ಮಾರಾಯ. ವಾಪಸ್ ತರೋ ತೊಂದರೆ ಬೇಡ.”

“ದುಡ್ಡೆಷ್ಟು?”

“ನಿನ್ನ ಹತ್ರ ದುಡ್ಡಾ? ಇಷ್ಟು ವರ್ಷ ನಂಗೆ ಏನೆಲ್ಲ ಕೊಟ್ಟಿದ್ದೀಯ ನೀನು!”

ಆರ್ವಿಲ್ ಅವನಿಗೆ ಕೊಟ್ಟದ್ದು ಗೇಲಿಯೊಂದನ್ನೇ. ಅದನ್ನೂ ಉಪಕಾರವೆಂದುಕೊಂಡನಲ್ಲ ಮೂಢ ಎಂದು ಮನೆ ತಲುಪುವವರೆಗೂ ನಕ್ಕಿದ್ದ.

ಇನ್ಸ್‌ಪೆಕ್ಟರ್ ರೆನೇ ಹಾಗ್ಲಂಡ್ ಬಂದಳು. ಬೂಟಿಗೆ ಔಷಧಿ ನೀರು ಸುರಿದುಕೊಂಡು, ದುರ್ಬೀನು ಹಿಡಿದು ಬಿಲ್ಲೆಗಳನ್ನು ಒಂದೊಂದಾಗಿ ಓದಿದಳು. ಅಪರಿಚಿತೆಯನ್ನು ಕಂಡ ಹಿಂಡು ಬೇಲಿಯುದ್ದಕ್ಕೂ ದಿಕ್ಕೆಟ್ಟು ಓಡಿತು. ಮೂವತ್ತೊಂದು ಮಾತ್ರ ನೀರಿನ ತೊಟ್ಟಿ ಬಿಟ್ಟು ಕದಲಲಿಲ್ಲ. ಕುಡಿಯಿತು, ಕಿವಿ ಜೋಲಿಸಿ ನಿಂತಿತು, ಮತ್ತೆ ಕುಡಿಯಿತು.

“ಇದ್ಯಾಕೆ ನನ್ನ ಕಂಡ್ರೂ ಓಡಲ್ಲ?”

“ಬಾಟಲಿ ಹಾಲು ಕುಡಿಸಿ ಸಾಕಿದ್ದು ಮೇಡಂ. ಮನೆ ಮಗಳಿದ್ದ ಹಾಗೆ. ಮರಿಯಾದಾಗಿಂದ ಈ ಬೇಲಿ ದಾಟಿಲ್ಲ.”

ಅವಳು ಅದನ್ನೂ ಬರೆದುಕೊಂಡಳು. ಲೆಕ್ಕ ತಾಳೆಯಾಯಿತು. ಸಹಿ ಬಿತ್ತು. ದುರ್ಬೀನಿದ್ದೂ ಕುರುಡಿ, ಎಂದುಕೊಂಡ ಆರ್ವಿಲ್.

“ಮುಂದೆ ಡೆಲ್ ಹತ್ರಾನಾ ಮೇಡಂ? ಮೂಗಿಗೆ ಬಟ್ಟೆ ಕಟ್ಕೊಂಡು ಹೋಗಿ.”

“ಅಲ್ಲಿಂದಾನೇ ಬಂದೆ. ಹೋದ ತಿಂಗಳು ಸತ್ತ ಜಿಂಕೆಯ ತಲೇನ ಡೆಲ್ ಪರೀಕ್ಷೆಗೆ ಕಳಿಸಿದ್ರಲ್ಲ, ಅದೇ ರೋಗ. ಒಣಗಿಸಿ ಒಣಗಿಸಿ ಕೊಲ್ಲೋದು, ಜೊಲ್ಲಿಂದ ಹಿಂಡಿಗೆಲ್ಲ ಹರಡೋದು. ನಾಳೆ ಅವರ ಹಿಂಡನ್ನೆಲ್ಲ ಗುಂಡಿಕ್ಕಿ ಮುಗಿಸ್ತೀವಿ.” ಪೆನ್ನಿನ ಮುಚ್ಚಳ ಹಾಕಿದಳು. “ಒಂದು ಹೆಣ್ಣು ಜಿಂಕೆ ಕಮ್ಮಿ ಬಂತು. ಬೇಲಿ ಹಾರಿತಂತೆ. ಅದು ಯಾವ ಹಿಂಡಿಗೆ ಸೇರಿದೆಯೋ ಆ ಹಿಂಡಲ್ಲೂ ಒಂದೂ ಉಳಿಯಲ್ಲ. ಸದ್ಯ, ನಿಮ್ಮ ಲೆಕ್ಕ ಸರಿಯಾಗಿದೆ.”

ಆರ್ವಿಲ್ ತಿರುಗಿ ನೋಡಿದ. ಮೂವತ್ತೊಂದರ ಬಾಯಿಂದ ಜೊಲ್ಲು ಎಳೆಯೆಳೆಯಾಗಿ ತೊಟ್ಟಿಗೆ ಇಳಿಯುತ್ತಿತ್ತು. ಓಡಿ ದಣಿದ ಅವನ ಇಡೀ ಹಿಂಡು ಅದರ ಎರಡೂ ಪಕ್ಕ ಸಾಲಾಗಿ ನಿಂತು ನೀರು ಕುಡಿಯುತ್ತಿತ್ತು.