ಐದು ಗಂಟೆಗೆ ಆದ ವಯಸ್ಸು

ಗಡಿಯಾರ ಐದು ಹೊಡೆದೊಡನೆ ಹಿರಿಯ ಮಹಿಳಾ ಇನ್‌ಸ್ಪೆಕ್ಟರ್ ಟೋಪಿ ತೆಗೆದು, ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟರು. ಕಾಣೆಯಾದ ಹುಡುಗಿಯ ಬಗ್ಗೆ ಮೂರು ದಿನದಿಂದ ಬಾಯಿ ಬಿಡದೆ ಕೂತಿದ್ದ ಹಾಲಿನವಳು ಕಣ್ಣರಳಿಸಿದಳು.

“ಯಾಕಮ್ಮಾ ಎಲ್ಲ ತೆಗೆದಿಟ್ರಿ?”

“ನನಗೆ ವಯಸ್ಸಾಯ್ತಂತೆ ಕಣಕ್ಕಾ. ನಾಲ್ಕೂ ಐವತ್ತೊಂಬತ್ತಕ್ಕೆ ಆಗಿರ್ಲಿಲ್ಲ, ಐದಕ್ಕೆ ಆಯ್ತು! ಅರವತ್ತು ತುಂಬಿದ್ರೆ ಮನೆಗೆ ನಡಿ ಅಂತಾರೆ.”

“ಹಾಗಾದ್ರೆ ಈಗ ನೀವು ಪೊಲೀಸ್ ಅಲ್ವಾ? ನಿಜವಾಗ್ಲೂ?”

“ಅಲ್ಲ. ಈ ಕುರ್ಚಿನೂ ನಂದಲ್ಲ.” ನಗುತ್ತಲೇ ಅಂದರೂ ಅವರ ದನಿ ಕೊಂಚ ಒದ್ದೆಯಾಗಿತ್ತು.

ಹಾಲಿನವಳು ಬಾಗಿಲ ಕಡೆ ಒಮ್ಮೆ ನೋಡಿ, ಎದ್ದು ಬಂದು ಅವರ ಕೈ ಹಿಡಿದುಕೊಂಡಳು.

“ಆ ಹುಡುಗಿ ನಮ್ಮನೇಲೇ ಇದಾಳೆ ತಾಯಿ. ಅಪ್ಪನ ಏಟಿಗೆ ಹೆದರಿ ಓಡಿ ಬಂದ್ಲು. ಪೊಲೀಸರಿಗೆ ಹೇಳಲ್ಲ ಅಂತ ದೇವರ ಮುಂದೆ ಮಾತು ಕೊಟ್ಟುಬಿಟ್ಟಿದ್ದೆ.”