ಪುಲ್ಲಿಯ ನಟ್ಟು

ಆ ಮೆಕ್ಯಾನಿಕ್ ಬಿಚ್ಚಲಾಗದ ನಟ್ಟು ಮೂರು ತಾಲೂಕಿನಲ್ಲಿ ಹುಟ್ಟಿರಲಿಲ್ಲ. ಅವನು ಕೆಮ್ಮಿದರೆ ಸಾಕು, ಬೋಲ್ಟುಗಳು ತಾವಾಗಿ ಉದುರುತ್ತಿದ್ದವು. ಈಗ ಎರಡೂ ಭುಜ ಸವೆದಿದ್ದವು. ಸ್ಪ್ಯಾನರ್ ಬಿಡು ಎಂದು ಡಾಕ್ಟರೂ ಹೇಳಿ ಸೋತರು, ಹೆಂಡತಿಯೂ.

ಇವತ್ತು ಒಂದು ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಯ ನಟ್ಟು ತೆಗೆಯಬೇಕಿತ್ತು. "ಇದು ಬರಲಿಲ್ಲವೋ, ನಾಳೆಯಿಂದ ಗ್ಯಾರೇಜಿಗೆ ಬೀಗ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಕಾರನ್ನು ಗೇರಿಗೆ ಹಾಕಿ, ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದ.

"ಬ್ರೇಕ್ ಒತ್ತಿ ಹಿಡಿ. ಕ್ಲಚ್ ಮುಟ್ಟಬೇಡ, ಮುಟ್ಟಿದರೆ ನಟ್ಟಿನ ಜೊತೆ ಎಂಜಿನ್ನೇ ತಿರುಗಿಬಿಡುತ್ತೆ."

ಅವಳ ಕಿವಿಯಲ್ಲಿ ಉಳಿದದ್ದು ಬೀಗದ ಮಾತು. ಸದ್ದಿಲ್ಲದೆ ಕ್ಲಚ್ಚನ್ನೂ ಒತ್ತಿದಳು.

ಅವನು ಸ್ಪ್ಯಾನರಿನ ಹಿಡಿಗೆ ತೆಂಗಿನ ಮರದುದ್ದದ ಪೈಪು ಸಿಕ್ಕಿಸಿ ಜಗ್ಗಿದ. ಎಂಜಿನ್ ತಿರುಗಿತು, ಭೂಮಿಯೂ ತಿರುಗಿತು, ನಟ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಬ್ರೇಕ್ ಒತ್ತಿದ್ದೀಯೇನೇ?"

"ಪ್ರಾಣ ಬಿಟ್ಟು ಒತ್ತಿದ್ದೀನಿ ರೀ!"

ಸಂಜೆ ಹೊತ್ತಿಗೆ ಅವನು ಪೈಪು ಕೆಳಗಿಟ್ಟು, ನೂರು ವರ್ಷದ ಸುಸ್ತು ಹೊತ್ತವನ ಹಾಗೆ ಕಾರಿನ ಬಾಗಿಲಿಗೆ ಒರಗಿದ. "ಸೋತೆ ಕಣೇ. ಬೀಗ ಹಾಕೋಣ."

ಅವಳು ನಗು ನುಂಗಿಕೊಂಡು, ಮುಖ ಬಾಡಿಸಿಕೊಂಡು ಇಳಿಯಹೊರಟಳು.

ಅವನು ಕೈ ಚಾಚಿದ. "ಹುಷಾರು. ಬೆಳಗ್ಗಿನಿಂದ ಕ್ಲಚ್ ಒತ್ತಿ ಎಡಗಾಲು ಜೋಮು ಹಿಡಿದಿರುತ್ತೆ."